ಟ್ಯಾಂಕಿನಲ್ಲಿ ಎಷ್ಟು ಉಂಟು?

ನಿಮ್ಮಲ್ಲಿ ಯಾರಾದರೂ ಕೋಳಿಗೆ ಗಾಳಿ ಬೀಸಿದ್ದುಂಟಾ?

ನಾನು ಬೀಸಿದ್ದೇನೆ. ಒಂದೆರಡಕ್ಕಲ್ಲ, ಒಂದು ಇಡೀ ಶೆಡ್ಡಿನ ಕೋಳಿಗಳಿಗೆ. ಕಳೆದ ತಿಂಗಳು, ಪೆರ್ಡೂರಿನ ಹತ್ತಿರ, ಸುಡುವ ಮಧ್ಯಾಹ್ನ, ಯಾರದೋ ಗೃಹಪ್ರವೇಶದ ಹಳೇ ಫ್ಲೆಕ್ಸ್ ಬ್ಯಾನರ್ ಹಿಡಿದುಕೊಂಡು. ಬ್ಯಾನರಿನಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಅಂತ ಬರೆದಿತ್ತು. ಕೋಳಿಗಳು ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನನ್ನ ಅಕ್ಕ ಸುಮತಿ ಮತ್ತು ಜಯಕರ ಭಾವ ಪೆರ್ಡೂರಿನ ಹತ್ತಿರ ಕೋಳಿ ಸಾಕುತ್ತಾರೆ. ಭಾವ ತುಂಬ ವರ್ಷ ಗಲ್ಫಿನಲ್ಲಿದ್ದವರು, ಎಣ್ಣೆ ಕಂಪೆನಿಯಲ್ಲಿ. (ಸ್ಟೋರ್‌ಕೀಪರ್ ಆಗಿದ್ದರು ಅಂತ ಅಕ್ಕ ಹೇಳುತ್ತಾಳೆ. ಭಾವನ ಮಾತು ಕೇಳಿದರೆ ನೆಲ ಅಗೆದು ಎಣ್ಣೆ ತೆಗೆದದ್ದೇ ಅವರು ಅನ್ನಿಸುತ್ತದೆ.) ಊರಿಗೆ ಬಂದ ಮೇಲೆ ಶೆಡ್ಡಿನ ಪಕ್ಕ ಡ್ರಮ್ಮಿನ ಹಾಗಿನ ಒಂದು ದೊಡ್ಡ ಉರುಟು ಟ್ಯಾಂಕನ್ನು ಅಡ್ಡಕ್ಕೆ ಮಲಗಿಸಿ, ಜನರೇಟರಿಗೆ ಬೇಕಾದ ಡೀಸೆಲ್ ಅದರಲ್ಲಿ ತುಂಬಿಸಿಟ್ಟರು. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಬೇಸಗೆಯಲ್ಲಿ ಫ್ಯಾನ್ ನಿಂತರೆ ಬ್ರಾಯ್ಲರ್ ಕೋಳಿ ಹೆಚ್ಚು ಹೊತ್ತು ಬದುಕುವುದಿಲ್ಲ.

ಮುಂಬೈಯಲ್ಲಿ ಒಂದು ಮದುವೆ. ಅಕ್ಕ, ಭಾವ ರೈಲು ಹತ್ತಿದರು. ಕೋಳಿ ಕಾಯಲು ಪರ್ಕಳದಿಂದ ನಾವು ಹೋದೆವು. ನಾವು ಅಂದರೆ ನಾನು ಮತ್ತು ನನ್ನ ಗಂಡ ಸುಧಾಕರ. ಇವರು ಪಿಯುಸಿ ಮಕ್ಕಳಿಗೆ ಗಣಿತ ಕಲಿಸುತ್ತಾರೆ. ದಿನದ ಕೆಲಸಕ್ಕೆ ಯಲ್ಲಪ್ಪ ಇದ್ದ. ಗದಗದ ಕಡೆಯವನು, ಈಗ ಶೆಡ್ಡಿನ ಹತ್ತಿರವೇ ಸಂಸಾರ ಮಾಡಿಕೊಂಡಿದ್ದಾನೆ. “ಎಂತ ಕೆಲಸವೂ ಇಲ್ಲ, ಸುಮ್ಮನೆ ಕೂತರೆ ಆಯ್ತು” ಅಂದಿದ್ದಳು ಅಕ್ಕ. ಮರುದಿನ ಕಾಪುವಿನ ಹೋಟೆಲಿನವರು ಬಂದು ಕೋಳಿ ಒಯ್ಯುವವರಿದ್ದರು. ಒಂದೇ ದಿನದ ಮಾತು.

ಹಿಂದಿನ ಸಂಜೆ ಗಾಳಿಮಳೆ ಬಂದು ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಲೈನ್‌ಮ್ಯಾನಿಗೆ ಫೋನ್ ಮಾಡಿದರೆ, “ಹೆಬ್ರಿ ಕಡೆ ಮರ ಬಿದ್ದಿದೆ ಮೇಡಂ, ಈಗ ಬರ್ತದೆ” ಅಂದ. ಕರೆಂಟ್ ಬರ್ತದೋ, ಇನ್ನೊಂದು ಮರ ಬರ್ತದೋ ಗೊತ್ತಾಗಲಿಲ್ಲ. ಜನರೇಟರ್ ಓಡುತ್ತಿತ್ತು. ಹನ್ನೆರಡರ ಹೊತ್ತಿಗೆ ಅದರ ಸ್ವಂತ ಚಿಕ್ಕ ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿತು. ಇನ್ನು ದೊಡ್ಡ ಟ್ಯಾಂಕಿನಿಂದ ಕ್ಯಾನಿಗೆ ಹಿಡಿದು ಸುರಿಯಬೇಕು. ದೊಡ್ಡದರಲ್ಲಿ ಎಷ್ಟು ಉಂಟು?

ಟ್ಯಾಂಕಿನ ಮೀಟರ್ ಅರ್ಧ ತೋರಿಸುತ್ತಿತ್ತು. ಭಾವನಿಗೆ ಫೋನ್ ಮಾಡಿದೆ.

“ಆ ಮೀಟರ್ ನಂಬಬೇಡ ವಾಣಿ. ಅದು ತಂದ ದಿನದಿಂದ ಅರ್ಧವೇ ತೋರಿಸ್ತಾ ಉಂಟು.”

“ಮತ್ತೆ ನಿಜವಾಗಿ ಎಷ್ಟು ಉಂಟು, ಭಾವ?”

“ಉಂಟು ಉಂಟು. ಎಷ್ಟು ಅಂದ್ರೆ...”

ರೈಲು ಸುರಂಗಕ್ಕೆ ಹೊಕ್ಕಿತು. (ಕೊಂಕಣ ರೈಲಿನಲ್ಲಿ ಕೂತವರ ಹತ್ತಿರ ಮುಖ್ಯ ಮಾತು ಯಾವತ್ತೂ ಕೇಳಬಾರದು.) ಎರಡನೇ ಸಲ ಮಾಡಿದಾಗ ಅಕ್ಕ ಎತ್ತಿ, ಮದುಮಗಳ ಸೀರೆಯ ಬಣ್ಣ ಹೇಳುವಷ್ಟರಲ್ಲಿ ಮತ್ತೊಂದು ಸುರಂಗ.

ಯಲ್ಲಪ್ಪನನ್ನು ಕೇಳಿದೆ. “ಐತ್ರೀ ಅಕ್ಕಾರ” ಅಂದ.

“ಎಷ್ಟು?”

ಅವನು ಟ್ಯಾಂಕಿಗೆ ಬೆರಳ ಗೆಣ್ಣಿನಿಂದ ಕುಟ್ಟಿದ. ಮೇಲೆ ಟಣ್ ಅಂದಿತು. ಕೆಳಗೆ ಡಬ್ ಅಂದಿತು. “ಅರ್ಧಾ ಐತ್ರೀ.”

ಇವರಿಗೆ ಅಷ್ಟು ಸಾಕಾಗಲಿಲ್ಲ. ಹಿತ್ತಿಲಿನಿಂದ ಬಿದಿರಿನ ಕೋಲು ತಂದು ಟ್ಯಾಂಕಿನ ಬಾಯಿಯಿಂದ ಇಳಿಸಿದರು. ಎತ್ತಿ ನೋಡಿದರೆ ಸರಿಯಾಗಿ ಅರ್ಧಕ್ಕೆ ಒದ್ದೆ. ಇವರ ಮುಖದಲ್ಲಿ ಬೆಳಕು ಬಂತು. “ಉರುಟು ಟ್ಯಾಂಕ್ ಅಡ್ಡ ಮಲಗಿರುವಾಗ ಕೋಲಿನಲ್ಲಿ ಕಾಲು ಭಾಗ ಒದ್ದೆಯಾದರೆ ಒಳಗೆ ಕಾಲು ಭಾಗ ಇರುವುದಿಲ್ಲ, ಅದಕ್ಕಿಂತ ಕಡಿಮೆ. ಮುಕ್ಕಾಲು ಒದ್ದೆಯಾದರೆ ಮುಕ್ಕಾಲಿಗಿಂತ ಹೆಚ್ಚು. ಆದರೆ ಅರ್ಧ ಅಂದರೆ ಅರ್ಧವೇ. ನೋಡು, ನಮ್ಮ ಅದೃಷ್ಟ.” ಯಲ್ಲಪ್ಪ ಗೌರವದಿಂದ ತಲೆಯಾಡಿಸಿದ. ಮದುವೆಯಾದ ಮೇಲೆ ನಾನು ಆ ತರಹ ತಲೆಯಾಡಿಸಿದ ನೆನಪಿಲ್ಲ.

ಹಾಳಾದ ಮೀಟರ್ ಅರ್ಧ ಅಂದಿದೆ. ಗೆಣ್ಣು ಅರ್ಧ ಅಂದಿದೆ. ಕೋಲು ಅರ್ಧ ಅಂದಿದೆ. ಇನ್ನೆಂತ ಬೇಕು? ಧೈರ್ಯವಾಗಿ ತಳದ ನಲ್ಲಿ ತಿರುಗಿಸಿ ಕ್ಯಾನ್ ತುಂಬಿಸಿ, ಜನರೇಟರಿಗೆ ಸುರಿದೆವು.

ಐದು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಕೆಮ್ಮಿತು. ಬಿಳಿ ಹೊಗೆ ಬಿಟ್ಟಿತು. ನಿಂತೇಬಿಟ್ಟಿತು.

ಫ್ಯಾನುಗಳು ನಿಧಾನಕ್ಕೆ ತಿರುಗಿ ಸುಮ್ಮನಾದವು. ಶೆಡ್ಡಿನೊಳಗೆ ಅಷ್ಟೂ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡತೊಡಗಿದವು.

ಕ್ಯಾನಿನಲ್ಲಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡೆ. ವಾಸನೆ ಡೀಸೆಲಿನದ್ದೇ. ಆದರೆ ಜಾರುವುದಿಲ್ಲ, ಅಂಟುವುದಿಲ್ಲ, ಕೈ ತಂಪಾಯಿತು.

“ರೀ, ಇದು ನೀರು.”

ಟ್ಯಾಂಕಿನ ಬಾಯಿಯ ಮುಚ್ಚಳ ಯಾವಾಗಲೋ ಕಳೆದುಹೋಗಿ, ಅದರ ಜಾಗದಲ್ಲಿ ತೆಂಗಿನ ಗೆರಟೆ ಕವುಚಿ ಹಾಕಿದ್ದರು. ಶೆಡ್ಡಿನ ಮಾಡಿನ ಶೀಟಿನಿಂದ ಮಳೆನೀರು ಇಳಿದು ಬೀಳುವುದು ಸರಿಯಾಗಿ ಆ ಗೆರಟೆಯ ಮೇಲೆ. ಎಷ್ಟು ಮಳೆ ಒಳಗೆ ಹೋಗಿತ್ತೋ ದೇವರಿಗೇ ಗೊತ್ತು. “ನೀರು ಭಾರ, ಹಾಗಾಗಿ ತಳಕ್ಕೆ ಹೋಗ್ತದೆ. ಡೀಸೆಲ್ ಹಗುರ, ಮೇಲೆ ತೇಲ್ತದೆ. ನಮ್ಮ ನಲ್ಲಿ ಇರುವುದು ತಳದಲ್ಲಿ” ಅಂತ ಇವರು ಶುರು ಮಾಡಿದರು. ಹೇಳಿದ್ದೆಲ್ಲ ಸರಿಯೇ. ಹೇಳಬೇಕಾದದ್ದು ಹತ್ತು ನಿಮಿಷ ಮೊದಲು.

ಮೇಲೆ ತೇಲುವ ಡೀಸೆಲ್ ತೆಗೆದು ಹಾಕಬಹುದಲ್ಲ ಅಂತ ನೀವು ಕೇಳಬಹುದು. ಯಂತ್ರದೊಳಗೆ ಒಮ್ಮೆ ನೀರು ಹೋದರೆ ಅದನ್ನು ಬಿಚ್ಚಿ ತೊಳೆಯಬೇಕಂತೆ. ಕಾರ್ಕಳದ ಮೆಕ್ಯಾನಿಕ್ “ಬರ್ತೇನೆ” ಅಂದ. ನಮ್ಮಲ್ಲಿ ಅದು ಬರುವವರೂ ಹೇಳುವ ಮಾತು, ಬಾರದವರೂ ಹೇಳುವ ಮಾತು.

ಯಲ್ಲಪ್ಪ, ಅವನ ಹೆಂಡತಿ ಲಕ್ಷ್ಮವ್ವ, ಇವರು, ನಾನು ಶೆಡ್ಡಿಗೆ ನುಗ್ಗಿದೆವು. ಬದಿಯ ಪರದೆ ಎಲ್ಲ ಎತ್ತಿ ಕಟ್ಟಿ, ಒದ್ದೆ ಗೋಣಿ ನೇತುಹಾಕಿ, ಸಿಕ್ಕಿದ್ದನ್ನು ಹಿಡಿದು ಬೀಸಿದೆವು. ಲಕ್ಷ್ಮವ್ವ ಮೊರದಲ್ಲಿ, ಯಲ್ಲಪ್ಪ ಗೋಣಿಯಲ್ಲಿ, ನಾನು ಬ್ಯಾನರಿನಲ್ಲಿ. ಇವರು ಎಂತದೂ ಸಿಗದೆ ಉಟ್ಟ ಲುಂಗಿಯ ತುದಿಯಲ್ಲೇ ಬೀಸುತ್ತಿದ್ದರು. ನಾನು ಬೇರೆ ಕಡೆ ನೋಡಿದೆ.

ಲಕ್ಷ್ಮವ್ವನಿಗೇ ಆಚೆ ಮನೆಯ ಡೆನಿಸಣ್ಣ ನೆನಪಾದದ್ದು. ಗದ್ದೆಗೆ ಮದ್ದು ಹೊಡೆಯುವ ಅವರ ಪೆಟ್ರೋಲಿನಲ್ಲಿ ಓಡುವ ಪಂಪಿನಿಂದ ಶೆಡ್ಡಿನ ಮಾಡಿಗೆ ನೀರು ಹಾರಿಸಿದರೆ ಒಳಗೆ ಸ್ವಲ್ಪ ತಂಪಾದೀತು ಅಂದಳು. ಫೋನ್ ಮಾಡಿದ ಕೂಡಲೇ ಡೆನಿಸಣ್ಣ ಪಂಪನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದರು. ಒಂದು ಪ್ರಶ್ನೆಯನ್ನೂ ಕೇಳದೆ ಬಂದವರನ್ನು ಇವರು ಕೇಳಿದ ಮೊದಲ ಮಾತು: “ಇದರಲ್ಲಿ ಪೆಟ್ರೋಲ್ ಎಷ್ಟು ಉಂಟು?”

“ಉಂಟು ಮಾರಾಯ್ರೆ.”

ಇವರು ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಮೂಸಿ, ಉಜ್ಜಿ ನೋಡಿದರು. ಡೆನಿಸಣ್ಣ ನನ್ನನ್ನು ನೋಡಿದರು. “ಸರ್ ಎಂತ ಮಾಡುವುದು?” ನಾನು ಪಂಪಿನ ಪೈಪನ್ನು ಬಾವಿಗೆ ಇಳಿಸಿದೆ.

ಪಂಪು ಓಡಿತು. ಬಾವಿಯ ನೀರು ಮಾಡಿನ ಮೇಲೆ ಮಳೆಯ ಹಾಗೆ ಬಿತ್ತು. ಮೂರೂವರೆಗೆ ಕರೆಂಟ್ ಬಂತು. ಫ್ಯಾನ್ ತಿರುಗಿದಾಗ ನಾವೆಲ್ಲ ಕೋಳಿಗಳ ಮಧ್ಯೆಯೇ ನೆಲದಲ್ಲಿ ಕೂತುಬಿಟ್ಟೆವು. ಡೆನಿಸಣ್ಣ ಬಟ್ಟೆಯ ಪರಿವೆಯೇ ಇಲ್ಲದೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಒಂದಿಷ್ಟು ಕೋಳಿಗಳು ಹೋದವು. ಉಳಿದವು ಉಳಿದವು. (ಮರುದಿನ ಕಾಪುವಿಗೆ ಹೋಗಲಿಕ್ಕೆ. ಅದನ್ನು ನಾನು ಹೆಚ್ಚು ಯೋಚಿಸುವುದಿಲ್ಲ. ಇವರು ಮಾತ್ರ ಇನ್ನೂ ಕೋಳಿ ತಿನ್ನುತ್ತಿಲ್ಲ.)

ಅವತ್ತಿನಿಂದ ಒಂದು ಯೋಚನೆ ಹಿಂದೆ ಬಿದ್ದಿದೆ. ಅಷ್ಟು ಜನ, ಅಷ್ಟು ಸಲ, ಟ್ಯಾಂಕಿನಲ್ಲಿ ಎಷ್ಟು ಉಂಟು ಅಂತ ಕೇಳಿದೆವು. ಎಂತ ಉಂಟು ಅಂತ ಒಬ್ಬರೂ ಕೇಳಲಿಲ್ಲ. ಬೇರೆ ಕಡೆಯಾದರೂ ಕೇಳುತ್ತೇವಾ? ಮಗಳಿಗೆ ಎಷ್ಟು ಪರ್ಸೆಂಟ್ ಬಂತು ಅಂತ ಕೇಳುತ್ತೇವೆ, ಎಂತ ಕಲಿತಳು ಅಂತ ಕೇಳುವುದಿಲ್ಲ. ಮದುವೆಗೆ ಎಷ್ಟು ಜನ ಅಂತ ಕೇಳುತ್ತೇವೆ. ಮಣಿಪಾಲದ ನಮ್ಮ ಪರಿಚಯದವರೊಬ್ಬರು ದಿನಕ್ಕೆ ಎಷ್ಟು ಹೆಜ್ಜೆ ನಡೆದೆ ಅಂತ ವಾಚ್ ನೋಡಿ ಹೇಳುತ್ತಾರೆ. ದಾರಿಯಲ್ಲಿ ಎಂತ ಕಂಡಿರಿ ಅಂದರೆ ವಾಚನ್ನೇ ನೋಡುತ್ತಾರೆ.

ಮುಂಬೈಯಿಂದ ಬಂದ ಭಾವ ನಮ್ಮನ್ನು ಬೈಯಲಿಲ್ಲ. ಟ್ಯಾಂಕ್ ತೊಳೆಸಿದರು, ಡೀಸೆಲ್ ತುಂಬಿಸಿದರು, ಒಂದು ಡಿಜಿಟಲ್ ಮೀಟರ್ ಹಾಕಿಸಿದರು. ಮೊನ್ನೆ ಭಾನುವಾರ ಅದನ್ನು ತೋರಿಸಲೆಂದೇ ಪರ್ಕಳಕ್ಕೆ ಬಂದಿದ್ದರು. ಚಾ ಮುಟ್ಟದೆ ಮೊಬೈಲ್ ನನ್ನ ಮುಂದೆ ಹಿಡಿದರು.

“ನೋಡು ವಾಣಿ. ಇನ್ನು ಮುಂಬೈಯಲ್ಲಿ ಕೂತರೂ ಗೊತ್ತಾಗ್ತದೆ. ಸದ್ಯ ಟ್ಯಾಂಕಿನಲ್ಲಿ ಅರವತ್ತೆಂಟು ಪರ್ಸೆಂಟ್ ಉಂಟು.”

ನಾನು ಕೇಳಿದ್ದು ಇಷ್ಟೇ: “ಎಂತದ್ದು, ಭಾವ?”