ಇಳಿಜಾರಿನಲ್ಲಿ ಇಂಜಿನ್ ಸದ್ದು

ಬುಧವಾರ ಸಂಜೆ ನಾಲ್ಕು ಹತ್ತಕ್ಕೆ ಬಸ್ಸಿನ ಇಂಜಿನ್ ಸದ್ದು ನಿಂತಿತು. ಬಸ್ಸು ಮಾತ್ರ ನಿಂತಿರಲಿಲ್ಲ. ಹುಣಸೂರಿನಿಂದ ಹನಗೋಡಿಗೆ ಹೋಗುವ ದಾರಿ, ಹೊಳೆಯ ಕಡೆಗಿನ ಇಳಿಜಾರು.

ಸರ್ಕಾರಿ ಬಸ್ ಡಿಪೋಗಳ ಡೀಸೆಲ್ ಖರ್ಚನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಮೈಸೂರಿನ ಕಚೇರಿಯಲ್ಲಿ ನನ್ನ ಕೆಲಸ. ಹುಣಸೂರು ಡಿಪೋದ ಬಸ್ಸುಗಳು ಲೀಟರಿಗೆ ಎಲ್ಲರಿಗಿಂತ ಹೆಚ್ಚು ದೂರ ಓಡುತ್ತಿದ್ದವು. ಅವರು ಹೇಗೆ ಓಡಿಸುತ್ತಾರೆಂದು ಕಣ್ಣಾರೆ ನೋಡಿ, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಚಾಲಕರಿಗೂ ಅದನ್ನೇ ಕಲಿಸಿ ಬಾ ಎಂದು ಕಳಿಸಿದ್ದರು. ಎಲ್ಲರಿಗಿಂತ ಹೆಚ್ಚು ಡೀಸೆಲ್ ಉಳಿಸಿದ ಚಾಲಕ ಸ್ವಾಮಣ್ಣನವರ ಫೋಟೊ ಆ ಡಿಪೋದ ಗೇಟಿನಲ್ಲೇ ಇತ್ತು.

"ಮದ್ವೆ ಫೋಟೊದಲ್ಲೂ ಇಷ್ಟು ನಕ್ಕಿಲ್ವಂತೆ ಕಣ್ರೀ," ಎಂದು ಕಂಡಕ್ಟರ್ ಲತಾ ಹೊರಡುವಾಗ ಛೇಡಿಸಿದ್ದಳು.

"ಅವತ್ತು ನಗಾಕೆ ಏನಿತ್ತವ್ವ," ಎಂದಿದ್ದರು ಸ್ವಾಮಣ್ಣ.

ಇಳಿಜಾರು ಬಂದಾಗ ಅವರೇ ಇಂಜಿನ್ ಆರಿಸಿದರು. "ಇಲ್ಲಿಂದ ಸೇತುವೆಗಂಟ ಡೀಸೆಲ್ ಬ್ಯಾಡ ಮೇಡಂ," ಎಂದರು.

ತಿರುವಿನಾಚೆ, ಮುಂದೆ ಒಂದು ಟ್ರ್ಯಾಕ್ಟರ್ ನಿಧಾನವಾಗಿ ಹೋಗುತ್ತಿತ್ತು. ಹೊಗೆಸೊಪ್ಪು ಮುರಿದು ಮನೆಗೆ ಹೊರಟ ಹೆಂಗಸರು ಟ್ರೇಲರಿನಲ್ಲಿ ನಮ್ಮ ಕಡೆ ಮುಖ ಮಾಡಿ ಕೂತಿದ್ದರು. ಒಬ್ಬಳು ಕೈ ಬೀಸಿದಳು. ಸ್ವಾಮಣ್ಣ ಬ್ರೇಕ್ ಒತ್ತಿದರು, ಮತ್ತೆ ಒತ್ತಿದರು. ಬಸ್ಸಿನ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ; ಇಂಜಿನ್ ಆರಿದ್ದರೆ ಅದಕ್ಕೆ ಹೊಸ ಗಾಳಿ ತುಂಬುವುದಿಲ್ಲ. ಒತ್ತಿದಷ್ಟೂ ಇದ್ದದ್ದು ಖಾಲಿಯಾಗುತ್ತದೆ. ಸ್ಟೀರಿಂಗೂ ಬಿಗಿದುಕೊಂಡಿತ್ತು. ಅವರು ಸೀಟಿನಿಂದೆದ್ದು ಮೈಭಾರವನ್ನೆಲ್ಲ ಹಾಕಿ ಅದನ್ನು ತಿರುಗಿಸಿದರು. ಕೈ ಬೀಸುತ್ತಿದ್ದವಳು ಇನ್ನೂ ಬೀಸುತ್ತಲೇ ಇದ್ದಳು. ಬಸ್ಸು ಪಕ್ಕದ ಶುಂಠಿ ಹೊಲಕ್ಕೆ ನುಗ್ಗಿ, ಮಳೆಗೆ ನೆನೆದ ಮಣ್ಣಿನಲ್ಲಿ ಹೂತು ನಿಂತಿತು.

ತರಚು ಗಾಯ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಟ್ರೇಲರಿನ ಹೆಂಗಸರು ಓಡಿ ಬಂದರು. ಕೈ ಬೀಸಿದವಳೇ ನನ್ನನ್ನು ಬದುವಿನ ಮೇಲೆ ಕೂರಿಸಿ ನೀರಿನ ಬಾಟಲಿ ಹಿಡಿದಳು. ಸೊಪ್ಪಿನ ಅಂಟಿಗೆ ಅವಳ ಅಂಗೈ ಕಪ್ಪಾಗಿತ್ತು.

"ಕುಡಿಯವ್ವ. ಎಲ್ಲಾ ಚೆಂದಾಗವ್ರೆ, ಬುಡು."

ಸ್ವಾಮಣ್ಣ ತುಸು ದೂರದಲ್ಲಿ ಕೂತಿದ್ದರು. "ನನ್ ಹೆಸ್ರು ಬರ್ಕೊಳ್ಳಿ ಮೇಡಂ. ಆದ್ರೆ ಬ್ಯಾರೆ ಡಿಪೋ ಐಕ್ಳಿಗೆ ಇದ ಕಲಿಸ್ಬ್ಯಾಡಿ."

ಅಂದು ಲತಾ ನನ್ನನ್ನು ಲಾಡ್ಜಿಗೆ ಬಿಡದೆ, ಹುಣಸೂರಿನ ತನ್ನ ಮನೆಗೇ ಕರೆದೊಯ್ದಳು. ಕಣ್ಣು ಮುಚ್ಚಿದರೆ ಆ ಬೀಸುವ ಕೈ ಕಾಣುತ್ತಿತ್ತು.

ಗುರುವಾರ ಜಿಟಿಜಿಟಿ ಮಳೆಯಲ್ಲಿ ಕೆ.ಆರ್. ನಗರಕ್ಕೆ ಹೊರಟೆ. ವಿಚಾರಣೆ ಮುಗಿಯುವವರೆಗೆ ಸ್ವಾಮಣ್ಣನವರಿಗೆ ಬಸ್ಸು ಕೊಡುವಂತಿರಲಿಲ್ಲ. ಆದರೂ ನಿಲ್ದಾಣಕ್ಕೆ ಬಂದಿದ್ದರು. "ಬಸ್ಸು ಕಿತ್ಕೊಂಡವ್ರೆ, ಬಾಯಿ ಕಿತ್ಕೊಂಡಿಲ್ವಲ್ಲ," ಎಂದು ನನ್ನ ಪಕ್ಕ ಕೂತರು. ಅಲ್ಲಿ ಇಡ್ಲಿ ತಿಂದು ಡಿಪೋಗೆ ಹೋದೆವು. ನಡೆದದ್ದನ್ನು ಅವರೇ ಎಲ್ಲರೆದುರು ಹೇಳಿದರು.

"ಡೀಸೆಲ್ ಉಳಿಸ್ದಿದ್ರೆ ನಿಲ್ಸ್ಕೊಂಡು ಬೈತಾರಲ್ಲಣ್ಣ, ಏನ್ಮಾಡವ?" ಎಂದು ಒಬ್ಬ ಚಾಲಕ ಕೇಳಿದ.

"ಬೈಸ್ಕೊ ಕಣ್ಲಾ. ಬೈಸ್ಕೊಂಡು ಮನೆಗೋಗು."

ಕಲಿಸುವಂಥ ಒಳ್ಳೆಯದೂ ಹುಣಸೂರು ಡಿಪೋದಲ್ಲಿತ್ತು. ದಿನಾ ಬೆಳಿಗ್ಗೆ ಪ್ರತಿ ಟೈರಿನ ಗಾಳಿ ನೋಡುತ್ತಿದ್ದರು. ನಾನು ಅದನ್ನಷ್ಟೇ ಹೇಳಿದೆ. ಶುಕ್ರವಾರ ಪಿರಿಯಾಪಟ್ಟಣದಲ್ಲೂ ಎಚ್.ಡಿ. ಕೋಟೆಯಲ್ಲೂ ಹಾಗೆಯೇ ಆಯಿತು. ನಾಲೆ ಬಯಲಿನ ಕೆ.ಆರ್. ನಗರವನ್ನೂ ಏರಿಳಿತದ ಕಾಡಂಚಿನ ಕೋಟೆಯನ್ನೂ ಇಷ್ಟು ದಿನ ಒಂದೇ ಅಳತೆಯಲ್ಲಿ ನೋಡುತ್ತಿದ್ದೆವಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಮೈಸೂರಿನಿಂದ ಫೋನ್ ಬಂತು: ಇಳಿಜಾರಿನಲ್ಲಿ ಯಾರೂ ಇಂಜಿನ್ ಆರಿಸಕೂಡದು ಎಂದು ಎಲ್ಲ ಡಿಪೋಗಳಿಗೂ ತಿಳಿಸಿದ್ದರು. ಸಂಜೆ ಲತಾಳ ಜೊತೆ ಅದೇ ಹನಗೋಡು ಬಸ್ಸು ಹತ್ತಿದೆ. ಓಡಿಸುತ್ತಿದ್ದವನು ಹೊಸಬ. ಸ್ವಾಮಣ್ಣ ನನ್ನ ಪಕ್ಕದ ಸೀಟಿನಲ್ಲಿದ್ದರು.

ಇಳಿಜಾರು ಬಂತು. ಹೊಸಬ ಎರಡನೇ ಗೇರಿಗೆ ಇಳಿಸಿದ. ಇಂಜಿನ್ ಒದರತೊಡಗಿತು.

"ಇದೇನ್ಲಾ ಸದ್ದು, ಆಡಿದ್ ಮಾತು ಕೇಳಾಕಿಲ್ಲ," ಎಂದು ಹಿಂದಿನಿಂದ ಮುದುಕರೊಬ್ಬರು ಗೊಣಗಿದರು.

"ಕೇಳ್ದಿದ್ರೂ ಪರ್ವಾಗಿಲ್ಲ, ಕೂತ್ಕೊಳ್ಳಿ ಯಜಮಾನ್ರೇ," ಎಂದಳು ಲತಾ.

ಸ್ವಾಮಣ್ಣನವರ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ. ನನ್ನದೂ ಹಾಗೆಯೇ ಇತ್ತು. ಶುಂಠಿ ಹೊಲ ಹಿಂದೆ ಸರಿಯಿತು. ಸೇತುವೆ ಬರುವವರೆಗೂ ಸದ್ದು ನಿಲ್ಲಲಿಲ್ಲ. ಆಮೇಲೆ ಇಬ್ಬರೂ ಕಾಲು ಸಡಿಲಿಸಿದೆವು.

ಅಂದು ರಾತ್ರಿ ಲತಾಳ ಮನೆಯಲ್ಲಿ ಮಲಗಿದವಳು ಬೆಳಿಗ್ಗೆ ಲತಾ ಕಾಫಿ ತಂದು ಎಬ್ಬಿಸುವವರೆಗೂ ನಿದ್ದೆ ಮಾಡಿದೆ.