ಗುರಿ ತಪ್ಪಿದ್ದಕ್ಕೆ ಹೊಣೆ ಯಾರು?

ನನ್ನ ಬಲಗೈಯ ತೋರುಬೆರಳು ವಿಶ್ವವಿದ್ಯಾನಿಲಯದಲ್ಲಿ ಓದಿದ್ದು. ಬೀದಿಯ ನಲ್ಲಿ ಒಣಗಲಿ, ಗ್ರಂಥಾಲಯದ ಗಡಿಯಾರ ನಿಲ್ಲಲಿ, ತಕ್ಷಣ ಎದ್ದು ಯಾರನ್ನಾದರೂ ತೋರಿಸದೆ ಅದು ವಿಶ್ರಮಿಸಿದ್ದಿಲ್ಲ. 'ಹೊಣೆ ಯಾರು?' ಎಂದು ಕೇಳಿ ನಾನು ಪತ್ರಿಕೆಗಳಿಗೆ ಬರೆದ ಪತ್ರಗಳನ್ನು ನೀವು ಮರೆತಿರಬಹುದು. ಮರೆತದ್ದಕ್ಕೂ ಯಾರನ್ನಾದರೂ ಹೊಣೆ ಮಾಡಬಲ್ಲೆ. ಇಷ್ಟು ಪಳಗಿದ ಬೆರಳು ರಿವಾಲ್ವರಿನ ಕುದುರೆಯ ಮೇಲೆ, ಅಂದರೆ ಗುಂಡು ಹಾರಿಸಲು ಎಳೆಯುವ ಆ ಸಣ್ಣ ಕೊಕ್ಕೆಯ ಮೇಲೆ, ಶುದ್ಧ ಅನಕ್ಷರಸ್ಥನಂತೆ ವರ್ತಿಸಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಗಡಿಯ ಯುದ್ಧ ಮುಗಿದ ಮರುವರ್ಷ. ತಾನು ನೆರವಾಗದಿದ್ದರೆ ಹಿಮಾಲಯ ನಿಲ್ಲುವುದು ಕಷ್ಟವೆಂದು ಮೈಸೂರಿನ ಪ್ರತಿಯೊಬ್ಬ ಅಧ್ಯಾಪಕನಿಗೂ ತೋರುತ್ತಿದ್ದ ಕಾಲ. ಕೆಸರೆಯ ಆಚೆ, ಕಲ್ಲು ತೆಗೆದು ಬಿಟ್ಟಿದ್ದ ಹಳ್ಳವೊಂದರಲ್ಲಿ, ಗುರಿಯಭ್ಯಾಸಕ್ಕೆಂದು ನಾಗರಿಕರ ಸಂಘವೊಂದು ಹುಟ್ಟಿಕೊಂಡಿತು. ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು, ಸೈಕಲ್ಲೇರಿ, ನಾನು ದೇಶರಕ್ಷಣೆಗೆ ಹೊರಡುತ್ತಿದ್ದೆ. ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಜಮಾದಾರ್ ಚಿಕ್ಕಣ್ಣ, ಬೋಗಾದಿಯ ರೈತಮನೆತನದವರು. ಆಯುಧಗಳನ್ನು ಒರೆಸಿ, ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದವರು ಬಸವಯ್ಯ. ಅರವತ್ತರ ಹತ್ತಿರದ, ಮಿತಭಾಷಿಯಾದ ಮನುಷ್ಯ.

"ಹಿಡಿಯೋದು ಎಂಗೆ ಗೊತ್ತಾ ಸ್ವಾಮಿ?" ಎಂದರು ಚಿಕ್ಕಣ್ಣ ಮೊದಲ ದಿನ. "ದಸರಾ ಜನದಲ್ಲಿ ಮಗೀನ ಕೈ ಹಿಡ್ಕೊಂಡಂಗೆ. ಬುಟ್ರೆ ಕಳ್ದೋಯ್ತದೆ, ಹಿಸುಕಿದ್ರೆ ಅಳ್ತದೆ. ಕುದುರೇನ ಜಗ್ಗಬ್ಯಾಡಿ. ಮೆಲ್ಗೆ ಒತ್ತುತಾ ಬನ್ನಿ. ಯಾವಾಗ ಹಾರ್ತು ಅಂತ ನಿಮ್ಗೇ ಗೊತ್ತಾಗಬಾರ್ದು."

ಅದಕ್ಕೊಂದು ಅಭ್ಯಾಸವನ್ನೂ ವಿಧಿಸಿದರು. ಗುಂಡು ತುಂಬದ ರಿವಾಲ್ವರಿನ ನಳಿಗೆಯ ಮೇಲೆ ನಾಣ್ಯವೊಂದನ್ನಿಟ್ಟು, ಅದು ಬೀಳದಂತೆ ನೂರು ಬಾರಿ ಕುದುರೆ ಒತ್ತಬೇಕು. ನಾನು ಹನ್ನೊಂದು ಬಾರಿ ಒತ್ತಿದೆ. ನಾಣ್ಯ ಹನ್ನೊಂದು ಬಾರಿ ಬಿತ್ತು. ಎಂ.ಎ. ಪದವೀಧರನಿಗೆ ಇದು ತಕ್ಕ ಕೆಲಸವಲ್ಲವೆಂದು ನಿರ್ಧರಿಸಿ ನೇರವಾಗಿ ಗುಂಡಿಗೇ ಕೈ ಹಾಕಿದೆ.

ಆರು ಗುಂಡುಗಳೂ ಗುರಿಹಲಗೆಯ ಕೆಳಗೆ, ಎಡಕ್ಕೆ, ಮಣ್ಣನ್ನು ಹೊಕ್ಕವು. ಮರುವಾರವೂ ಅಲ್ಲಿಗೇ ಹೋದವು. ಎಲ್ಲವೂ ಒಂದೇ ಕಡೆ ಬೀಳುವುದನ್ನು ಕಂಡು ನನ್ನಲ್ಲೊಂದು ಶಿಸ್ತಿದೆಯೆಂದು ಹೆಮ್ಮೆಪಟ್ಟೆ. ಶಿಸ್ತು ನನ್ನದಾದ ಮೇಲೆ ದೋಷ ಇನ್ನೊಬ್ಬರದ್ದಾಗಲೇಬೇಕಲ್ಲ! ನಾನು ಓದಿದ ಶಾಸನಗಳಲ್ಲೆಲ್ಲ ಅರಸರು ಶತ್ರುಗಳ ಎದೆ ಸೀಳಿದ್ದಾರೆ. ಗುರಿ ತಪ್ಪಿದ ಒಂದೇ ಒಂದು ಬಾಣವನ್ನೂ ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲ. ಆ ಪರಂಪರೆಗೆ ನಿಷ್ಠನಾಗಿ ಸಂಘದ ಕಾರ್ಯದರ್ಶಿಗಳಿಗೆ ನಾಲ್ಕು ಪುಟದ ದೂರು ಬರೆದೆ: ರಿವಾಲ್ವರಿನ ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಮೊಳೆ ವಕ್ರವಾಗಿದೆ, ಇದಕ್ಕೆ ಬಸವಯ್ಯನವರ ಅಕ್ಷಮ್ಯ ನಿರ್ಲಕ್ಷ್ಯವೇ ಕಾರಣ, ಅವರನ್ನು ಕೆಲಸದಿಂದ ತೆಗೆಯತಕ್ಕದ್ದು. 'ಅಕ್ಷಮ್ಯ' ಎಂಬಲ್ಲಿ ಲೇಖನಿ ಎಷ್ಟು ಸುಖವಾಗಿ ಓಡಿತೆಂದರೆ, ಆ ಪದದಡಿ ಒಬ್ಬ ಮನುಷ್ಯನಿದ್ದಾನೆಂಬುದೇ ಹೊಳೆಯಲಿಲ್ಲ.

ಶತ್ರುವಿಗಿಂತ ಪತ್ರಿಕೆಗಳಿಗೆ ಹೆಚ್ಚು ಹೆದರುತ್ತಿದ್ದ ಕಾರ್ಯದರ್ಶಿಗಳು ಮುಂದಿನ ಭಾನುವಾರವೇ ವಿಚಾರಣೆ ಎಂದರು. ದೋಷ ಕಂಡರೆ ಬಸವಯ್ಯ ಅಂದೇ ಬೀಗದಕೈ ಒಪ್ಪಿಸಿ ಮನೆಗೆ ಹೋಗಬೇಕು. ಆ ವಯಸ್ಸಿನಲ್ಲಿ ಬೇರೆ ಕೆಲಸ ಕೊಡುವವರು ಯಾರೂ ಇರಲಿಲ್ಲ.

ಅಂದು ಚಿಕ್ಕಣ್ಣ ನಮಗೆ ಬೆನ್ನುಮಾಡಿ ನಿಂತು ತಾವೇ ಗುಂಡು ತುಂಬಿ ನನ್ನ ಕೈಗಿತ್ತರು. "ಹೊಡೀರಿ ಸ್ವಾಮಿ, ಎಲ್ರೂ ನೋಡ್ಲಿ."

ಮೊದಲನೆಯದು ಮಣ್ಣಿಗೆ. ಎರಡನೆಯದೂ ಮಣ್ಣಿಗೆ. ನಾನು ಗೆದ್ದವನಂತೆ ಕಾರ್ಯದರ್ಶಿಗಳತ್ತ ನೋಡಿ ಮೂರನೆಯದನ್ನು ಎಳೆದೆ. 'ಟಿಕ್' ಎಂದಿತು, ಅಷ್ಟೆ. ಗುಂಡಿಲ್ಲ, ಸದ್ದಿಲ್ಲ; ಆದರೂ ನನ್ನ ಕೈ ನಳಿಗೆಯ ಸಮೇತ ಭೂಮಿತಾಯಿಗೆ ದೀರ್ಘದಂಡ ನಮಸ್ಕಾರ ಹಾಕಿತು. ಹಳ್ಳದ ತುಂಬ ನಗು. ಚಿಕ್ಕಣ್ಣ ಗುಂಡುಗಳ ನಡುವೆ ಹಾರಿಹೋದ ತೋಟಾಗಳ ಖಾಲಿ ಚಿಪ್ಪುಗಳನ್ನು ಬೆರೆಸಿದ್ದರು.

"ಖಾಲಿ ಚಿಪ್ಪಿಗೇ ಇಂಗೆ ಬಗ್ತೀರಲ್ಲ!" ಎಂದರು. "ಸದ್ದು ಬರೋಕ್ ಮುಂಚೇನೇ ಬೆಚ್ಚಿಬೀಳ್ತೀರ. ಮೊಳೆ ನೆಟ್ಟಗೈತೆ ಬುಡಿ, ಕೈ ಎದುರ್ಕೊಂಡದೆ." ಅದೇ ರಿವಾಲ್ವರಿನಲ್ಲಿ ಉಳಿದಿದ್ದ ಎರಡು ಗುಂಡುಗಳನ್ನು ತಾವು ಹಾರಿಸಿದರು. ಎರಡೂ ಹಲಗೆಯ ನಟ್ಟನಡುವಿನ ಕಪ್ಪು ಬೊಟ್ಟಿನಲ್ಲಿ ಕುಳಿತವು.

ದೂರನ್ನು ಹಿಂತೆಗೆದುಕೊಳ್ಳಲು ನಾನು ಅಲ್ಲೇ ಕಾಗದ ಹಿಡಿದೆ: 'ಪರಿಶೀಲನೆಯಲ್ಲಿ ಆಯುಧದ ದೋಷ ಕಂಡುಬಾರದ ಕಾರಣ ದೂರನ್ನು ಕೈಬಿಡಲಾಗಿದೆ.' ಇಂಥದೇ ಒಕ್ಕಣೆಗಾಗಿ ಎಷ್ಟು ಅಧಿಕಾರಿಗಳ ಮಾನ ಕಳೆದಿದ್ದೇನೋ! ಬಸವಯ್ಯ ಅದನ್ನು ಎರಡು ಸಲ ಓದಿದರು.

"ಚೆನ್ನಾಗ್ ಬರ್ದಿದ್ದೀರಿ. ಆದ್ರೆ ಇದನ್ನ ಓದಿದೋರು, ಮೊದ್ಲು ಕೆಟ್ಟಿತ್ತು, ಬಸವಯ್ಯ ಎದ್ರಿ ರಾತ್ರೋರಾತ್ರಿ ರಿಪೇರಿ ಮಾಡ್ಬುಟ್ಟ ಅನ್ಕೋತಾರೆ ಕಣ್ರೀ. ತಪ್ಪಿದ್ದು ಯಾರ ಕೈ ಅಂತ ಇದ್ರಲ್ಲಿಲ್ಲ."

ನಾಲ್ಕು ಪುಟದ ದೂರಿಗೆ ಒಂದು ಗಂಟೆ ಸಾಕಾಗಿತ್ತು. ಮೂರು ವಾಕ್ಯಗಳಿಗೆ ಆ ಬೆಳಿಗ್ಗೆಯೆಲ್ಲ ಹಿಡಿಯಿತು. 'ತಪ್ಪು ನನ್ನ ಕೈಯದು. ಅದು ಸದ್ದಿಗೆ ಹೆದರಿತು. ಬಸವಯ್ಯನವರು ಕಾಪಾಡಿದ ಆಯುಧ ನೆಟ್ಟಗಿದೆ.' ಕೆಳಗೆ ಸಹಿ ಹಾಕಿದೆ. ಬಸವಯ್ಯ ಅದನ್ನು ಸೂಚನಾಫಲಕಕ್ಕೆ ತಾವೇ ಚುಚ್ಚಿದರು. ಓರೆಯಾಗಿದೆಯೆಂದು ಕಿತ್ತು ಮತ್ತೆ ನೆಟ್ಟಗೆ ಚುಚ್ಚಿದರು.

ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ನಾನು ಕುದುರೆ ಒತ್ತುವುದು, ಬಿದ್ದ ನಾಣ್ಯವನ್ನು ಬಸವಯ್ಯ ಎತ್ತಿಡುವುದು. "ಎಪ್ಪತ್ತಾಯ್ತು. ಇನ್ನೂ ಮೂವತ್ತದೆ, ಎಲ್ಲೋಯ್ತೀರಿ?" ಎಂದು ತಡೆಯುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ಮತ್ತೆ ಆರು ಗುಂಡುಗಳನ್ನು ಕೊಟ್ಟರು. ಎರಡು ಹಲಗೆಯನ್ನು ಮುಟ್ಟಿದವು. ನಾಲ್ಕು ಹಳೆಯ ಮಣ್ಣಿಗೇ ಹೋದವು.

ಕಾರ್ಯದರ್ಶಿಗಳು ಗಾಬರಿಯಿಂದ ಹತ್ತಿರ ಬಂದು, "ಆಯುಧದಲ್ಲೇನಾದ್ರೂ ತೊಂದರೆಯೇ?" ಎಂದರು.

"ಇಲ್ಲ, ಆ ನಾಲ್ಕೂ ನನ್ನವೇ," ಎಂದೆ. "ಈ ಎರಡೂ ನನ್ನವೇ."

ಎರಡನೆಯ ಮಾತಿಗೆ ದನಿ ಕೊಂಚ ಜೋರಾಗಿತ್ತೆಂದು ಬಸವಯ್ಯ ಆಮೇಲೆ ಹೇಳಿದರು.