ಮೇ ತಿಂಗಳ ಚಾದರ

ಮೇ ಒಂದರಂದು, ಮಹಾರಾಷ್ಟ್ರ ದಿನದ ನೆಪದಲ್ಲಿ, ಅಕ್ಕಲಕೋಟೆಯ ಶಾಲೆಯೊಂದರಲ್ಲಿ ನನಗೆ ಸತ್ಕಾರವಿತ್ತು. ನಾನು ಯುದ್ಧ ಮಾಡಿ ಬಂದವನು, ಆಮೇಲೆ ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ಇಪ್ಪತ್ತು ವರ್ಷ ಬೆಂದವನು. ಇಂಥವನಿಗೆ ಸುಡುಬಿಸಿಲಲ್ಲಿ ಏನು ಹೊದಿಸಬೇಕು? ದಪ್ಪನೆಯ ಸೊಲ್ಲಾಪುರ ಚಾದರ. ನಮ್ಮ ಕಡೆ ಮರ್ಯಾದೆ ಎಂದರೆ ಅದೇ.

ತೆಗೆಯಲು ಹೋದರೆ ಹೆಡ್‌ಮಾಸ್ತರರು ತಡೆದರು. "ಇರ್ಲಿ ಬಿಡ್ರಿ ಕಾಕಾ, ಸಾಹೇಬ್ರು ಬರೋತನಕ. ಫೋಟೋ ತಗೀಬೇಕ್ರಿ."

ಮುಖ್ಯ ಅತಿಥಿಯಾಗಿದ್ದ ಸಾಹೇಬರು ಒಂದು ತಾಸು ತಡವಾಗಿ ಬಂದರು. ನನ್ನ ಕಣ್ಣಿಗಿಳಿದ ಬೆವರನ್ನು ಕಂಡು, "ಅಜ್ಜಾರು ಭಾವುಕ ಆಗ್ಯಾರ" ಎಂದು ಮೈಕಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಡಿಯ ಹಿಮದಲ್ಲಿ ನಮ್ಮ ಮೂವರಿಗೆ ಒಂದೇ ಕಂಬಳಿ ಇತ್ತು. ನಡುವೆ ಮಲಗುವ ಸರದಿಗಾಗಿ ಕಾಯುತ್ತಿದ್ದೆವು. ಆಗ ಯಾವ ಸಾಹೇಬರಿಗೂ ನಮ್ಮನ್ನು ಸತ್ಕರಿಸುವ ಮನಸ್ಸಾಗಲಿಲ್ಲ.